ನಾನು ಟ್ರಾನ್ಸ್, ಹಾರ್ಮೋನ್ ತಗೊಳ್ತಿದ್ದೀನಿ. ಆಪರೇಷನ್‌ಗೆ ಮುಂಚೆ ಆ ವಿಷಯ ಹೇಳಲೇಬೇಕಾ? ದಾಖಲೆಯಲ್ಲಿ ಉಳಿದುಬಿಡುತ್ತಲ್ವಾ?

ಹೇಳಲೇಬೇಕು. ದಾಖಲೆಯಲ್ಲಿ ಉಳಿಯುತ್ತದೆ ಅನ್ನೋದೂ ನಿಜ. ಆದರೂ ಹೇಳಿ, ಅದರಲ್ಲೂ ಅರಿವಳಿಕೆ ಡಾಕ್ಟರಿಗೆ.

ಈಸ್ಟ್ರೋಜನ್ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಪರೇಷನ್ ಆದಮೇಲೆ ಅಲ್ಲಾಡದೆ ಮಲಗಿದ್ದರೆ ಇನ್ನೂ ಜಾಸ್ತಿ. ಮೊದಲೇ ಗೊತ್ತಿದ್ದರೆ ಕಾಲಿಗೆ ಬಿಗಿ ಸಾಕ್ಸ್ ಹಾಕುತ್ತಾರೆ, ಬೇಗ ಎಬ್ಬಿಸಿ ನಡೆಸುತ್ತಾರೆ, ಬೇಕಾದರೆ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಡುತ್ತಾರೆ. ಟೆಸ್ಟೋಸ್ಟೆರಾನ್ ಆದರೆ ಕೆಂಪು ರಕ್ತಕಣ ಹೆಚ್ಚಿದೆಯಾ ನೋಡುತ್ತಾರೆ. ಈಸ್ಟ್ರೋಜನ್ ಜೊತೆಗೆ ಗಂಡು ಹಾರ್ಮೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತಲೂ ನೋಡುತ್ತಾರೆ. ಹಾಗಂತ ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ. ಎಷ್ಟೋ ಸಲ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ.

ಇನ್ನು ಗುಟ್ಟಿನ ವಿಷಯ. ಮನೆಯವರ ಎದುರು ಬಾಯಿಬಿಡಬೇಕಿಲ್ಲ. ‘ಡಾಕ್ಟ್ರೇ, ಎರಡು ನಿಮಿಷ ನಿಮ್ಮ ಹತ್ರ ಮಾತ್ರ ಮಾತಾಡಬೇಕು’ ಅಂದರೆ ಸಾಕು. ಔಷಧದ ಹೆಸರು, ಡೋಸ್, ಎಷ್ಟು ಕಾಲದಿಂದ ಅನ್ನೋದು ಅವರಿಗೆ ಮುಖ್ಯ. ನಿಮ್ಮ ಬದುಕಿನ ಕಥೆಯನ್ನೆಲ್ಲ ಹೇಳುವುದು ಬಿಡುವುದು ನಿಮ್ಮಿಷ್ಟ. ಫೈಲ್ ಯಾರ್‍ಯಾರು ನೋಡುತ್ತಾರೆ, ಡಿಸ್ಚಾರ್ಜ್ ಕಾಗದದಲ್ಲಿ ಏನು ಬರುತ್ತದೆ, ಅದನ್ನು ಯಾರ ಕೈಗೆ ಕೊಡುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಆದರೆ ‘ಬರೆಯಲೇಬೇಡಿ’ ಅಂತ ಸುಮ್ನೆ ಹಠ ಹಿಡಿಯಬೇಡಿ. ರಾತ್ರಿ ಪಾಳಿಯ ನರ್ಸ್ ಔಷಧ ಕೊಡುವುದು ಆ ಹಾಳೆ ನೋಡಿಕೊಂಡೇ.