ಸಾಹಿತ್ಯದಲ್ಲಿ ವ್ಯಂಗ್ಯದ ಬಗೆಗಳನ್ನು ಗುರುತಿಸುವುದು ಹೇಗೆ?

ಮಾತಿನ ವ್ಯಂಗ್ಯ, ಸನ್ನಿವೇಶದ ವ್ಯಂಗ್ಯ, ನಾಟಕೀಯ ವ್ಯಂಗ್ಯ ಈ ಮೂರರ ವ್ಯಾಖ್ಯೆಯನ್ನು ಓದಿದ್ದರೂ ಕಥೆಯೊಳಗೆ ಎದುರಾದಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ ಎಂದು ಕೇಳಿದ್ದೀರಿ. ವ್ಯಾಖ್ಯೆಗಳನ್ನು ಬದಿಗಿಡಿ. ಓದುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಲ್ಲಿ ನಿಜ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ?

ಆಡುವವನು ಬೇಕೆಂದೇ ಒಂದನ್ನು ಹೇಳಿ ಅದಕ್ಕೆ ವಿರುದ್ಧವಾದುದನ್ನು ಸೂಚಿಸಿದರೆ ಅದು ಮಾತಿನ ವ್ಯಂಗ್ಯ. ಹೊಗಳುವಂತೆ ತೆಗಳುವ, ತೆಗಳುವಂತೆ ಹೊಗಳುವ ವ್ಯಾಜಸ್ತುತಿ ಅಲಂಕಾರ ಇದರ ಹತ್ತಿರದ ನೆಂಟ. ಕೊಂಕು ನುಡಿ ಇದರ ಒಂದು ರೂಪ ಮಾತ್ರ. ಚುಚ್ಚುವ ಉದ್ದೇಶವಿಲ್ಲದೆಯೂ ವ್ಯಂಗ್ಯವಾಡಬಹುದು.

ಗೊಂದಲ ಹುಟ್ಟುವುದು ಉಳಿದೆರಡರಲ್ಲಿ. ಪ್ರಾಚೀನ ಗ್ರೀಕ್ ನಾಟಕಕಾರ ಸಾಫೊಕ್ಲಿಸನ ಈಡಿಪಸ್ ನಾಟಕವನ್ನೇ ನೋಡಿ. ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ. ಹಿಂದಿನ ದೊರೆ ಲಾಯಸನನ್ನು ಕೊಂದವನು ಇನ್ನೂ ಊರಿನಲ್ಲೇ ಇರುವುದು ಅದಕ್ಕೆ ಕಾರಣವೆಂದು ದೈವವಾಣಿಯಾಗುತ್ತದೆ. ಈಗಿನ ದೊರೆ ಈಡಿಪಸ್ ಜನರೆದುರು ನಿಂತು ಆ ಕೊಲೆಗಾರನಿಗೆ ಶಾಪ ಹಾಕುತ್ತಾನೆ. ಲಾಯಸ್ ತನ್ನ ತಂದೆಯೋ ಎಂಬಂತೆ ಅವನ ಪರವಾಗಿ ಹೋರಾಡುತ್ತೇನೆ ಎನ್ನುತ್ತಾನೆ. ಲಾಯಸ್ ಅವನ ತಂದೆಯೇ, ಕೊಂದವನೂ ಅವನೇ. ಪ್ರೇಕ್ಷಕರಿಗೆ ಇದು ಮೊದಲೇ ಗೊತ್ತು, ಅವನಿಗೆ ಗೊತ್ತಿಲ್ಲ. ಮಾತಿಗೆ ಎರಡು ಅರ್ಥವಿದ್ದರೂ ಆಡಿದವನಿಗೆ ಅದರ ಅರಿವಿಲ್ಲ. ಆದ್ದರಿಂದ ಇದು ಮಾತಿನ ವ್ಯಂಗ್ಯವಲ್ಲ, ನಾಟಕೀಯ ವ್ಯಂಗ್ಯ.

ಸನ್ನಿವೇಶದ ವ್ಯಂಗ್ಯವೂ ಇದೇ ಕಥೆಯಲ್ಲಿದೆ. ತಂದೆಯನ್ನು ಕೊಲ್ಲುವೆ ಎಂಬ ಭವಿಷ್ಯವಾಣಿಗೆ ಹೆದರಿ ಈಡಿಪಸ್ ತನ್ನೂರೆಂದು ನಂಬಿದ್ದ ಕೊರಿಂಥ್ ತೊರೆದ. ಹಾಗೆ ಹೊರಟದ್ದರಿಂದಲೇ ಮೂರು ದಾರಿ ಕೂಡುವಲ್ಲಿ ಲಾಯಸನಿಗೆ ಎದುರಾದ. ಮಾಡಿದ ಉಪಾಯವೇ ಅಪಾಯವನ್ನು ಬರಮಾಡಿಕೊಳ್ಳಬೇಕು. ಬರೀ ಕೆಟ್ಟದ್ದು ನಡೆದರೆ ಸಾಲದು. ಗುಟ್ಟಿನ ಪತ್ರ ಕಳೆದುಹೋದರೆ ಅದು ದುರದೃಷ್ಟ. ಯಾರ ಕಣ್ಣಿಗೂ ಬೀಳಬಾರದೆಂದು ಆರಿಸಿದ ಜಾಗದಿಂದಾಗಿಯೇ ಅದು ನೋಡಬಾರದವರ ಕೈಗೆ ಸಿಕ್ಕರೆ ವ್ಯಂಗ್ಯ. ಆಕಸ್ಮಿಕಗಳಿಗೆಲ್ಲ ವ್ಯಂಗ್ಯವೆಂಬ ಹಣೆಪಟ್ಟಿ ಹಚ್ಚುವ ವಿಮರ್ಶೆಗಳನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ನನ್ನನ್ನು ಈಡಿಪಸ್‌ಗಿಂತ ಹೆಚ್ಚು ಕಲಕುವವನು ಮಹಾಭಾರತದ ಕರ್ಣ. ಈಡಿಪಸ್‌ಗೆ ತಾನು ಯಾರೆಂಬುದು ಗೊತ್ತಿರಲಿಲ್ಲ. ಕರ್ಣನಿಗೆ ಯುದ್ಧಕ್ಕೆ ಮೊದಲೇ ಗೊತ್ತು. ಗೊತ್ತಿಲ್ಲದವರು ಎದುರಿಗೆ ಬಿಲ್ಲು ಹಿಡಿದು ನಿಂತಿರುವ ತಮ್ಮಂದಿರು. ಹೀಗಾಗಿ ನಾಟಕೀಯ ವ್ಯಂಗ್ಯದಲ್ಲಿ ಓದುಗನೊಬ್ಬನೇ ಬಲ್ಲವನಾಗಿರಬೇಕಿಲ್ಲ, ಕೆಲವು ಪಾತ್ರಗಳೂ ಬಲ್ಲವರಾಗಿರಬಹುದು. ಉದ್ಯೋಗಪರ್ವದಲ್ಲಿ ಕೃಷ್ಣನು ಜನ್ಮರಹಸ್ಯ ತಿಳಿಸಿದಾಗ, ಇದನ್ನು ಧರ್ಮರಾಯನಿಗೆ ಹೇಳಬೇಡ ಎಂದು ಕರ್ಣನೇ ಕೇಳಿಕೊಳ್ಳುತ್ತಾನೆ. ತಿಳಿದರೆ ಅವನು ರಾಜ್ಯವನ್ನು ಒಪ್ಪುವುದಿಲ್ಲ ಎನ್ನುತ್ತಾನೆ. ಯುದ್ಧವೆಲ್ಲ ಮುಗಿದು ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಷ್ಟೇ ಕುಂತಿ ಬಾಯಿ ಬಿಡುವುದು. ಈ ಎರಡು ಪ್ರಸಂಗಗಳ ನಡುವಿನ ಯುದ್ಧಭಾಗವನ್ನು ಮೊದಲು ಓದಿ ನೋಡಿ. ಪಾಂಡವರು ಕರ್ಣನನ್ನು ಹಳಿಯುವ ಪ್ರತಿಯೊಂದು ಮಾತಿನಲ್ಲೂ ನಾಟಕೀಯ ವ್ಯಂಗ್ಯ ನಿಮಗೇ ಕಾಣಿಸುತ್ತದೆ.