ಮಗ್ಗಿ ಇರಲಿ, ಮೊದಲು ನಿದ್ದೆ

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಬೇಸಿಗೆ ರಜೆ ಮುಗಿಯಲು ಇನ್ನು ಎರಡೇ ವಾರ. ರಾತ್ರಿ ಹನ್ನೊಂದಾದರೂ ಮಲಗಲ್ಲ, ಬೆಳಿಗ್ಗೆ ಒಂಬತ್ತೂವರೆಗೆ ಏಳುತ್ತಾನೆ. ಮಗ್ಗಿ ಎಲ್ಲ ಮರೆತಿದ್ದಾನೆ. ಸ್ಕೂಲ್ ಅಂದರೆ ಸಾಕು, ಹೊಟ್ಟೆನೋವು ಅಂತಾನೆ. ಈಗಿನಿಂದಲೇ ದಿನಾ ಎರಡು ಗಂಟೆ ಕೂರಿಸಿ ಓದಿಸಲೇ?

ಉತ್ತರ: ಬೇಡಮ್ಮ, ಓದು ಆಮೇಲೆ. ಇಪ್ಪತ್ತೆಂಟು ವರ್ಷ ಎರಡನೇ, ಮೂರನೇ ತರಗತಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮಗ್ಗಿ ಮರೆತು ಬಂದ ಮಗುವಿಗೆ ಹದಿನೈದು ದಿನದಲ್ಲಿ ಮತ್ತೆ ಬಾಯಿಗೆ ಬಂದುಬಿಡುತ್ತೆ. ಆದರೆ ನಿದ್ದೆಗೆಟ್ಟ ಮಗು ಬೆಂಚಿಗೆ ಕೆನ್ನೆ ಊರಿ ಕೂತುಬಿಟ್ಟರೆ, ಎಂಥ ಟೀಚರ್ ಬಂದರೂ ಪಾಠ ತಲೆಗೆ ಹೋಗಲ್ಲ.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಆರೂವರೆಗೆ ಏಳಬೇಕಾದರೆ ರಾತ್ರಿ ಎಂಟೂವರೆ, ಒಂಬತ್ತರೊಳಗೆ ಮಲಗಿರಬೇಕು, ಅಲ್ವಾ? ಹಾಗಂತ ಇವತ್ತೇ ಎಂಟೂವರೆಗೆ ಮಲಗಿಸಿದರೆ ಸುಮ್ನೆ ಹೊರಳಾಡುತ್ತಾನೆ, ಅಷ್ಟೇ. ಬೆಳಗಿನ ಕಡೆಯಿಂದ ಶುರು ಮಾಡಿ. ನಾಳೆ ಒಂಬತ್ತೂಕಾಲಿಗೆ ಎಬ್ಬಿಸಿ, ನಾಡಿದ್ದು ಒಂಬತ್ತಕ್ಕೆ. ದಿನಕ್ಕೆ 15 ನಿಮಿಷದ ಹಾಗೆ 12 ದಿನಕ್ಕೆ ಆರೂವರೆಗೆ ಬಂದು ನಿಲ್ಲುತ್ತೀರಿ. ಎಬ್ಬಿಸಿದ ಕೂಡಲೇ ಕಿಟಕಿ ತೆರೆಯಿರಿ, ಇಲ್ಲವೇ ಹೊರಗೆ ಕರೆದುಕೊಂಡು ಹೋಗಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆಯೂ ಬೇಗ ಬರುತ್ತೆ. ಮೊಬೈಲಿನ ಬೆಳಕು ಇದಕ್ಕೆ ಉಲ್ಟಾ, ನಿದ್ದೆ ತರಿಸುವ ಮೆಲಟೋನಿನ್ ಅನ್ನೋ ಹಾರ್ಮೋನನ್ನು ಅದು ತಡೆಯುತ್ತೆ. ಮಲಗುವ ಒಂದು ಗಂಟೆ ಮೊದಲೇ ಎತ್ತಿಡಿ, ನಿಮ್ಮದನ್ನೂ. ಭಾನುವಾರ ಅಂತ ರಿಯಾಯಿತಿ ಕೊಡಬೇಡಿ.

ಇನ್ನು ಹೊಟ್ಟೆನೋವು. ದಯವಿಟ್ಟು ಅದನ್ನು ನಾಟಕ ಅನ್ನಬೇಡಿ. ಮಕ್ಕಳಿಗೆ ಮನಸ್ಸಿನ ದಿಗಿಲು ಹೊಟ್ಟೆಯಲ್ಲೇ ಕಾಣಿಸಿಕೊಳ್ಳುವುದು ಜಾಸ್ತಿ, ಆ ನೋವು ನಿಜವಾದ ನೋವೇ. (ಆಟದ ನಡುವೆಯೂ ನೋವು ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜ್ವರ ವಾಂತಿ ಇದ್ದರೆ ಡಾಕ್ಟರಿಗೆ ತೋರಿಸಿ.) "ಯಾಕೋ ಭಯ?" ಅಂತ ಕೇಳಿದರೆ ಮಕ್ಕಳಿಗೆ ಉತ್ತರ ಗೊತ್ತಿರಲ್ಲ. "ಸ್ಕೂಲಲ್ಲಿ ಯಾವ ಹೊತ್ತು ಕಷ್ಟ ಆಗುತ್ತೆ?" ಅಂತ ಕೇಳಿ ನೋಡಿ.

ನನ್ನ ಕ್ಲಾಸಿನಲ್ಲಿ ಒಬ್ಬಳು ಪುಟ್ಟಿ ಇದ್ದಳು. ರಜೆ ಮುಗಿದು ಬಂದ ದಿನದಿಂದ ಗೇಟಿನಲ್ಲೇ ಅಳು. ಗಣಿತ ಕಷ್ಟ ಇರಬೇಕು ಅಂತ ಮನೆಯವರು, ನಾನೂ ಹಾಗೇ ಅಂದುಕೊಂಡೆ. ನಾಲ್ಕನೇ ದಿನ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಹೊತ್ತು ಅಂತ ಕೇಳಿದೆ. "ಬಾತ್‌ರೂಮಿಗೆ ಹೋಗೋವಾಗ" ಅಂದಳು. ಅಲ್ಲಿನ ಚಿಲಕ ತುಕ್ಕು ಹಿಡಿದು ಬಿಗಿಯಾಗಿತ್ತು. ಹಿಂದಿನ ವರ್ಷ ಒಮ್ಮೆ ಒಳಗೇ ಸಿಕ್ಕಿಕೊಂಡಿದ್ದಳಂತೆ. ಆ ಭಯಕ್ಕೆ ಸಂಜೆಯವರೆಗೂ ನೀರೇ ಕುಡಿಯುತ್ತಿರಲಿಲ್ಲ ಮಗು. ಚಿಲಕ ಹಾಕಬೇಡ, ನಾನು ಹೊರಗೆ ನಿಂತಿರ್ತೀನಿ ಅಂದೆ. ಒಂದು ವಾರ ಹಾಗೇ ನಿಂತೆ. ಅಳು ನಿಂತಿತು.

ನಿಮ್ಮ ಮಗನದೂ ಇಂಥದ್ದೇ ಏನೋ ಇರಬಹುದು. ಬಸ್ಸಿನಲ್ಲಿ ಯಾರ ಪಕ್ಕ ಕೂರಬೇಕು ಅನ್ನುವುದೂ ಇರಬಹುದು. ಹಳೇ ಗೆಳೆಯನೊಬ್ಬನನ್ನು ಈ ವಾರವೇ ಮನೆಗೆ ಆಡಲು ಕರೆಸಿ.

ಶೂ ಈಗಲೇ ಹಾಕಿಸಿ ನೋಡಿ, ಎರಡು ತಿಂಗಳಲ್ಲಿ ಕಾಲು ಬೆಳೆದಿರುತ್ತೆ. ಅವನನ್ನು ನಿಲ್ಲಿಸಿ, ಶೂ ತುದಿಯಲ್ಲಿ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇದೆಯಾ ಒತ್ತಿ ನೋಡಿ. ಬ್ಯಾಗನ್ನು ಅವನೇ ಜೋಡಿಸಲಿ.

ಮಗ್ಗಿ ದಿನಕ್ಕೆ ಹತ್ತು ನಿಮಿಷ ಸಾಕು. ಅದೂ ನಡೆಯುತ್ತಾ, ಆಡುತ್ತಾ.

ಯಾವ ಹೊತ್ತು ಕಷ್ಟ ಅಂತ ಅವನು ಹೇಳಿದ್ದನ್ನು ನನಗೂ ಬರೆದು ತಿಳಿಸಿ.