ಅಜ್ಜಿಯ ಪ್ರಶ್ನೆಯನ್ನು ಯಾಕೆ ಹೊಡೆದು ಹಾಕಿದಿರಿ?

ನಮಸ್ಕಾರ.

ನೀವು ಕಳಿಸಿದ ‘ಡಬ್ಲಿನ್ನಿನ ಜ್ಞಾನ ದೇಗುಲದಲ್ಲಿ ಎಂಟು ವಾರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ, ಅದು ನನಗೆ ಬೇಕು. ಅದಕ್ಕೇ ಸುಮ್ನೆ ‘ವಿಷಾದಿಸುತ್ತೇವೆ’ ಎಂದು ವಾಪಸ್ ಕಳಿಸದೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ವೀಸಾ ಅಲೆದಾಟ, ಏರ್‌ಪೋರ್ಟಿನಲ್ಲಿ ಅಮ್ಮನ ಕಣ್ಣೀರು, ಇಳಿದ ಕೂಡಲೇ ಮಳೆ. ನಿಮಗೆ ಅದು ದೊಡ್ಡದು, ಒಪ್ಪುತ್ತೇನೆ. ಆದರೆ ಹೊರದೇಶಕ್ಕೆ ಹೋಗಿಬಂದವರು ಕಳಿಸುವ ಹತ್ತರಲ್ಲಿ ಎಂಟು ಲೇಖನ ಹೀಗೇ ಶುರುವಾಗುತ್ತವೆ. ‘ಬುಕ್ ಆಫ್ ಕೆಲ್ಸ್’ ಎಂಬ ಹಳೇ ಚಿತ್ರಾಲಂಕೃತ ಬೈಬಲ್ ಹಸ್ತಪ್ರತಿಯ ಬಗ್ಗೆ ಬರೆದ ಪ್ಯಾರಾ ಕೂಡ ಬೇಡ. ಅದನ್ನು ಗಾಜಿನ ಈಚೆ ನಿಂತು ಐದು ನಿಮಿಷ ನೋಡಿದೆ ಎಂದು ನೀವೇ ಹೇಳಿದ್ದೀರಿ. ಐದು ನಿಮಿಷದ ನೋಟಕ್ಕೆ ಒಂದೂವರೆ ಪುಟ ಜಾಸ್ತಿ.

ನಾಲ್ಕನೇ ಪುಟದಲ್ಲಿ ಟ್ರಿನಿಟಿ ಕಾಲೇಜಿನ ಹಳೇ ಲೈಬ್ರರಿಯೊಳಗೆ ಕಾಲಿಡುತ್ತೀರಿ. ಅಲ್ಲೂ ನೀವು ಕಾಣಿಸುವುದಿಲ್ಲ, ಅಂಕಿಗಳೇ ಕಾಣಿಸುತ್ತವೆ. 1712ರಲ್ಲಿ ಶುರುವಾಗಿ 1732ರಲ್ಲಿ ಮುಗಿದ ಕಟ್ಟಡ, 65 ಮೀಟರ್ ಉದ್ದದ ‘ಲಾಂಗ್ ರೂಮ್’, ಎರಡು ಲಕ್ಷ ಪುಸ್ತಕ. ಇವೆಲ್ಲ ಸರಿಯಾಗಿವೆ, ಆದರೆ ಮನೆಯಲ್ಲಿ ಕೂತೂ ಬರೆಯಬಹುದಾಗಿತ್ತು, ಅಲ್ವಾ? ಒಂದನ್ನು ಮಾತ್ರ ಉಳಿಸಿಕೊಳ್ಳಿ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಅಚ್ಚಾಗುವ ಪುಸ್ತಕಗಳ ಒಂದೊಂದು ಪ್ರತಿ ಪಡೆಯುವ ಹಕ್ಕು ಈ ಲೈಬ್ರರಿಗೆ 1801ರಲ್ಲಿ ಸಿಕ್ಕಿತು. ಕಪಾಟು ತುಂಬಿ ಹೋಗಿ, 1860ರ ಹೊತ್ತಿಗೆ ಚಾವಣಿಯನ್ನೇ ಎತ್ತರಿಸಿ ಮೇಲೆ ಇನ್ನೊಂದು ಸಾಲು ಕಪಾಟು ಕೂರಿಸಿದರು. ಇದು ಯಾಕೆ ಇರಲಿ ಅಂದರೆ, ನೀವು ಇಂಟರ್ನ್ ಆಗಿ ಕೆಲಸ ಮಾಡಿದ್ದು ಆ ಮೇಲಿನ ಸಾಲಿನಲ್ಲೇ.

ಏನು ಕೆಲಸ? ಅದನ್ನು ಐದನೇ ಪುಟದಲ್ಲಿ ಎರಡೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ಕಟ್ಟಡದ ದುರಸ್ತಿಗಾಗಿ ಪುಸ್ತಕಗಳನ್ನು ಖಾಲಿ ಮಾಡುತ್ತಿದ್ದರು. ನಾನು ಅವುಗಳ ಧೂಳು ತೆಗೆಯಲು ನೆರವಾದೆ.’

ಇದೇ ನಿಮ್ಮ ಲೇಖನ! ಎಂಟು ವಾರ ಧೂಳು ತೆಗೆದವರು ಎರಡು ವಾಕ್ಯ ಬರೆದರೆ ಹೇಗೆ? ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು 2019ರಲ್ಲಿ ಹೊತ್ತಿ ಉರಿದ ಮೇಲೆ ಇಂಥ ಹಳೇ ಕಟ್ಟಡಗಳನ್ನು ನೋಡಿಕೊಳ್ಳುವವರ ಎದೆಯಲ್ಲಿ ಭಯ ಹೊಕ್ಕಿತು. ಅದಕ್ಕೇ ಎರಡು ಲಕ್ಷ ಪುಸ್ತಕವನ್ನು ಒಂದೊಂದಾಗಿ ಇಳಿಸಿ, ಒರೆಸಿ, ಅಳೆದು, ಟ್ಯಾಗ್ ಹಾಕಿ ಸಾಗಿಸಿದರು. ಅದರಲ್ಲಿ ನಿಮ್ಮ ಕೈಯೂ ಇತ್ತು. ಆ ಕೈಯನ್ನು ತೋರಿಸಿ.

ಫೋನಿನಲ್ಲಿ ನನಗೆ ಹೇಳಿದಿರಲ್ಲ, ಪುಸ್ತಕ ಬಾಯಿ ಬಿಡದ ಹಾಗೆ ಒತ್ತಿ ಹಿಡಿದು, ಬೆನ್ನಿನ ಕಡೆಯಿಂದ ಹೊರಕ್ಕೆ ಮೆತ್ತಗೆ ಬ್ರಷ್ ಎಳೆಯಬೇಕು, ಇಲ್ಲದಿದ್ದರೆ ಧೂಳು ಹಾಳೆಯ ಒಳಗೆ ಇಳಿಯುತ್ತದೆ ಎಂದು? ಬ್ರಷ್ಷಿನ ತುದಿಯಲ್ಲಿ ಪುಟ್ಟ ವ್ಯಾಕ್ಯೂಮ್ ಹಿಡಿದು, ಸಂಜೆ ಹೊತ್ತಿಗೆ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ ಎಂದು? ಪುಸ್ತಕಗಳನ್ನು ವಿಷಯ ನೋಡಿ ಅಲ್ಲ, ಗಾತ್ರ ನೋಡಿ ಜೋಡಿಸಿದ್ದಾರೆ, ಕೆಳಗೆ ಎರಡೂ ಕೈಗೆ ಭಾರವಾಗುವ ಪುಸ್ತಕ, ಮೇಲೆ ಅಂಗೈಯಷ್ಟಗಲದ್ದು, ಒಂದೊಂದಕ್ಕೂ ಅದರದೇ ಜಾಗ ಎಂದು? ಲೇಖನದಲ್ಲಿ ಇದ್ಯಾವುದೂ ಇಲ್ಲ. ನೋಡಲು ಬಂದ ಲಕ್ಷಾಂತರ ಜನರ ಬಟ್ಟೆಯ ನೂಲು, ಕೂದಲು, ಚರ್ಮದ ಹುಡಿ ಎಲ್ಲ ಸೇರಿಯೇ ಆ ಧೂಳು ಎಂದಾಗ ನಾನು ಫೋನ್ ಹಿಡಿದು ಸುಮ್ಮನೆ ಕೂತೆ. ಪ್ರೀತಿಯಿಂದ ನೋಡಲು ಬಂದವರೇ ಪುಸ್ತಕದ ಮೇಲೆ ಪದರವಾಗಿ ಕೂತಿದ್ದಾರೆ. ಇದನ್ನು ಬರೆಯದೆ ‘ಜ್ಞಾನ ದೇಗುಲ’ ಎಂದು ಬರೆದಿರಲ್ಲ!

ಕೊನೆಯ ಪುಟದ ಬಗ್ಗೆ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ‘ನಮ್ಮಲ್ಲಿ ಪುಸ್ತಕಗಳಿಗೆ ಇಂಥ ಗೌರವ ಇಲ್ಲ’ ಎಂದಿದ್ದೀರಿ. ನೀವು ಮೈಸೂರಿನವರು. ನಿಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇದೆ. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ಅಲ್ಲೇ. ತಾಳೆಗರಿಗೆ ಹುಳ ಹಿಡಿಯದಂತೆ ಎಣ್ಣೆ ಸವರಿ ಒರೆಸುವ ಕೈಗಳು ನಮ್ಮಲ್ಲೂ ಇವೆ. ಒಳಗೆ ಹೋಗಿ ನೋಡಿದ್ದೀರಾ? ನೋಡಿ ಬಂದು ಅದೇ ಮಾತು ಬರೆದರೆ ಹಾಕುತ್ತೇನೆ. ನೋಡದೆ ಬರೆದರೆ ಇಲ್ಲ.

ಇನ್ನು ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಸಾಲು. ಕೈಬರಹದ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಳಿಸಿದ್ದು ಒಳ್ಳೆಯದಾಯಿತು. ಐದನೇ ಪುಟದ ಅಂಚಿನಲ್ಲಿ ಒಂದು ವಾಕ್ಯಕ್ಕೆ ಎರಡು ಗೆರೆ ಎಳೆದು ಹೊಡೆದಿದ್ದೀರಿ. ಆದರೂ ಓದಬಹುದು: ‘ಅಷ್ಟು ದೂರ ಹೋಗಿ ಧೂಳು ಹೊಡೀತಿದೀಯೇನೇ ಎಂದು ಅಜ್ಜಿ ಕೇಳಿದರು.’

ಇದನ್ನು ಹೊಡೆದು ಹಾಕಿದ್ದು ನಾಚಿಕೆಯಿಂದ ಅಂತ ನನ್ನ ಅಂದಾಜು. ಇಂಟರ್ನ್‌ಶಿಪ್ ಎಂದರೆ ದೊಡ್ಡ ಕೆಲಸವಾಗಿ ಕಾಣಬೇಕು, ಒರೆಸುವ ಕೆಲಸ ಎಂದರೆ ಜನ ಏನಂದುಕೊಳ್ಳುತ್ತಾರೋ ಎಂಬ ಅಳುಕು. ದೇಗುಲ, ಭಂಡಾರ, ಧನ್ಯತೆ ಎಂಬ ಪದಗಳೆಲ್ಲ ಆ ಅಳುಕನ್ನು ಮುಚ್ಚಲು ಬಂದವು. ಅಜ್ಜಿಯ ಸಾಲಿನಿಂದಲೇ ಶುರು ಮಾಡಿ. ಸಾವಿರದಿನ್ನೂರು ಪದ ಸಾಕು. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.

ಅಂದ ಹಾಗೆ, ಅಜ್ಜಿಗೆ ನೀವು ಏನು ಉತ್ತರ ಕೊಟ್ಟಿರಿ? ಹೊಡೆದು ಹಾಕಿದ ಸಾಲಿನ ಕೆಳಗೂ ಅದು ಇಲ್ಲ.